ಇಯರ್‌ಬಡ್ ಬದಲಿಸುವ ಮೊದಲು ರೂಟರ್ ಸರಿಮಾಡಿ

ಇಯರ್‌ಬಡ್‌ನಲ್ಲಿ ಹಾಡು ತುಂಡು ತುಂಡಾಗಿ ಕೇಳಿಸಿದರೆ ಜನ ಮೊದಲು ಹೊಸ ಇಯರ್‌ಬಡ್ ತರುತ್ತಾರೆ. ಅದರದ್ದೂ ಅದೇ ಕಥೆ ಆದಾಗ ಇಂಟರ್ನೆಟ್‌ನವರನ್ನು ಬೈಯುತ್ತಾರೆ. ಎಷ್ಟೋ ಸಲ ಎರಡೂ ಚೆನ್ನಾಗಿಯೇ ಇರುತ್ತವೆ. ಫೋನಿನಿಂದ ಇಯರ್‌ಬಡ್‌ಗೆ ಹಾಡು ಒಯ್ಯುವ ಬ್ಲೂಟೂತ್ ಓಡಾಡುವುದು 2402ರಿಂದ 2480 ಮೆಗಾಹರ್ಟ್ಜ್ ನಡುವೆ, ಅಂದರೆ 2.4 ಗಿಗಾಹರ್ಟ್ಜ್ ಸುತ್ತ. ವೈ-ಫೈನ 2.4 ಗಿಗಾಹರ್ಟ್ಜ್ ಬ್ಯಾಂಡ್ (ರೇಡಿಯೋ ಅಲೆಗಳ ಒಂದು ಪಟ್ಟಿ) ಕೂಡ ಅಲ್ಲೇ. ಬ್ಲೂಟೂತ್ ಸೆಕೆಂಡಿಗೆ 1600 ಸಲದವರೆಗೆ ಜಾಗ ಬದಲಿಸುತ್ತಾ, ಗದ್ದಲ ಇರುವ ಕಡೆ ಬಿಟ್ಟು ಖಾಲಿ ಇರುವ ಕಡೆಗೆ ಹಾರುತ್ತದೆ. ಖಾಲಿ ಜಾಗವೇ ಉಳಿಯದಂತೆ ನಾವು ಮಾಡಿಟ್ಟರೆ ಅದೇನು ಮಾಡೀತು?

1. ಮೊದಲು ಪರೀಕ್ಷೆ

ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟ ಒಂದು ಹಾಡು ಹಾಕಿ, ರೂಟರ್ ಆಫ್ ಮಾಡಿ. ಹಾಡು ಸರಿಯಾಗಿ ಬಂತು ಎಂದರೆ ತಂಟೆ ವೈ-ಫೈನದೇ. ಬರಲಿಲ್ಲವಾದರೆ ಇಯರ್‌ಬಡ್‌ನ ಬ್ಯಾಟರಿ ನೋಡಿ, ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಿಂದ ಶರ್ಟಿನ ಜೇಬಿಗೆ ಹಾಕಿ ನೋಡಿ. ನಮ್ಮ ಮೈಯಲ್ಲಿರುವ ನೀರು ಈ ಸಿಗ್ನಲ್ಲನ್ನು ಚೆನ್ನಾಗಿ ಹೀರುತ್ತದೆ.

2. ಫೋನ್, ಟಿವಿ, ಲ್ಯಾಪ್‌ಟಾಪ್ 5 ಗಿಗಾಹರ್ಟ್ಜ್‌ಗೆ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ವೈ-ಫೈನ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಜ್‌ನಲ್ಲಿ ಬ್ಲೂಟೂತ್ ಇಲ್ಲ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಡಿ. ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸುವ ಸ್ಮಾರ್ಟ್ ಕನೆಕ್ಟ್ ನನಗೆ ಹಿಡಿಸುವುದಿಲ್ಲ. ಯಾವ ಸಾಧನ ಯಾವಾಗ 2.4ಕ್ಕೆ ಜಾರಿತು ಅಂತ ಗೊತ್ತೇ ಆಗುವುದಿಲ್ಲ. ಹೊಸ ಹೆಸರಿಗೆ ಸೇರಿದ ಮೇಲೆ ಹಳೆಯದನ್ನು ಫೋನಿನಿಂದ ಅಳಿಸಿ. ಇಲ್ಲದಿದ್ದರೆ ಅದು ಸುಮ್ನೆ ಹಳೆ ಮನೆಗೇ ವಾಪಸ್ ಹೋಗುತ್ತದೆ.

ಸ್ಮಾರ್ಟ್ ಬಲ್ಬು, ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ಹಾಗಾಗಿ ಆ ಬ್ಯಾಂಡನ್ನು ಪೂರ್ತಿ ಆಫ್ ಮಾಡಬೇಡಿ.

3. 2.4ರ ಚಾನೆಲ್ ಮತ್ತು ಅಗಲ

ಜನ ಕೆಡಿಸಿಕೊಳ್ಳುವುದು ಇಲ್ಲಿಯೇ. ನಿಧಾನವಾಗಿ ಓದಿ.

ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಎಂದು ಹೊಡೆಯಿರಿ. ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತವೆ. ಒಳಗೆ ವೈರ್‌ಲೆಸ್ ಪುಟದಲ್ಲಿ 2.4 ತೆರೆಯಿರಿ.

ಚಾನೆಲ್ ಎಂದರೆ ಬ್ಯಾಂಡಿನೊಳಗೆ ರೂಟರ್ ಕೂರುವ ಜಾಗ. ಮೊದಲು ಅದರ ಅಗಲ, ಅಂದರೆ ಚಾನೆಲ್ ವಿಡ್ತ್. ಅದು 40 ಮೆಗಾಹರ್ಟ್ಜ್ ಅಥವಾ ಆಟೋ ಎಂದಿದ್ದರೆ 20 ಮಾಡಿ. 40 ಇಟ್ಟರೆ ಸ್ಪೀಡ್ ಜಾಸ್ತಿ ಎಂದು ಹೇಳುವವರು ಬಹಳ ಜನ. ಆದರೆ ನಿಮ್ಮದೊಂದೇ ರೂಟರ್ ಬ್ಲೂಟೂತ್‌ನ ಅರ್ಧ ಬಯಲನ್ನು ನುಂಗಿಬಿಡುತ್ತದೆ. ಸ್ಪೀಡ್ ಬೇಕಾದವರಿಗೆ 5 ಇದೆಯಲ್ಲ.

ಇನ್ನು ಚಾನೆಲ್. ನಮ್ಮಲ್ಲಿ 1ರಿಂದ 13 ಸಿಗುತ್ತವೆ. ಒಂದು ನಂಬರಿನಿಂದ ಮುಂದಿನದಕ್ಕೆ 5 ಮೆಗಾಹರ್ಟ್ಜ್ ಮಾತ್ರ ಅಂತರ. ಒಂದು ವೈ-ಫೈಗೆ ಬೇಕಾದದ್ದು 20. ಅಂದರೆ ಒಂದಕ್ಕೊಂದು ತಾಗದೆ ಇರಬಲ್ಲವು 1, 6 ಮತ್ತು 11 ಎಂದು ಇಟ್ಟುಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿ ಈ ಮೂರರಲ್ಲೂ ಯಾರೋ ಇದ್ದೇ ಇರುತ್ತಾರೆ. ಆಗ ಬುದ್ಧಿವಂತರು 3 ಖಾಲಿ ಇದೆ ಎಂದು ಅಲ್ಲಿ ಕೂರುತ್ತಾರೆ. ಇದು ತಪ್ಪು. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿಯಲ್ಲಿ ಮಾತಾಡುತ್ತವೆ. 3ರಲ್ಲಿ ಕೂತರೆ 1ಕ್ಕೂ ತೊಂದರೆ, 6ಕ್ಕೂ ತೊಂದರೆ. ಅವರ ಮಾತು ನಿಮಗೆ ಬರೀ ಗಲಾಟೆ. ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಆ ಹೊತ್ತಿಗೆ ಬ್ಲೂಟೂತ್‌ಗೂ ಜಾಗ ಇಲ್ಲ.

ಮೂರರಲ್ಲಿ ಯಾವುದು? ಆಂಡ್ರಾಯ್ಡ್ ಫೋನಿಗೆ ಒಂದು ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಎಷ್ಟು ರೂಟರ್ ಇವೆ ಎಂದು ಎಣಿಸುವುದಕ್ಕಿಂತ ಎಷ್ಟು ಜೋರಾಗಿವೆ ಎಂದು ನೋಡಿ. ಅಲ್ಲಿ ಮೈನಸ್ ಲೆಕ್ಕ: -45 ಎಂದರೆ ಪಕ್ಕದ ಗೋಡೆಯಾಚೆಯ ಜೋರು ಸಿಗ್ನಲ್, -85 ಎಂದರೆ ಎಲ್ಲೋ ದೂರದ್ದು. ಐದು ದುರ್ಬಲ ರೂಟರ್‌ಗಳಿರುವ ಚಾನೆಲ್, ಒಂದು -45 ಇರುವ ಚಾನೆಲ್‌ಗಿಂತ ಎಷ್ಟೋ ವಾಸಿ. 12, 13ರ ಆಸೆ ಬೇಡ. ಅವು 11ಕ್ಕೆ ತಾಗುತ್ತವೆ. ಜೊತೆಗೆ, ಅಮೆರಿಕದಿಂದ ಮಗ ತಂದ ಲ್ಯಾಪ್‌ಟಾಪ್‌ಗೆ ಆ ಚಾನೆಲ್‌ಗಳು ಕಾಣಿಸದೆಯೂ ಇರಬಹುದು.

ಸೇವ್ ಒತ್ತಿದ ಮೇಲೆ ವೈ-ಫೈ ಸ್ವಲ್ಪ ಹೊತ್ತು ಮಾಯವಾಗುತ್ತದೆ. ಗಾಬರಿಯಿಂದ ರೀಸೆಟ್ ಗುಂಡಿಗೆ ಕಡ್ಡಿ ಚುಚ್ಚಬೇಡಿ. ಎಲ್ಲ ಸೆಟ್ಟಿಂಗ್ ಹೋಗಿ, ಲೈನ್‌ಮನ್ ಬರುವವರೆಗೆ ಇಂಟರ್ನೆಟ್ ಇಲ್ಲದೆ ಕೂರಬೇಕಾದೀತು.

4. ರೂಟರ್ ಇಡುವ ಜಾಗ

ಫ್ರಿಜ್ ಮೇಲೆ ಬೇಡ, ಟಿವಿ ಹಿಂದೆ ಬೇಡ. ಹಾಲಿನಲ್ಲಿ, ಎದೆಮಟ್ಟದಲ್ಲಿ, ನೀವು ಬ್ಲೂಟೂತ್ ಬಳಸುವ ಜಾಗದಿಂದ ಒಂದೆರಡು ಮೀಟರ್ ದೂರ ಇರಲಿ.

ಸಿಗ್ನಲ್ ಬೂಸ್ಟರ್ ಸ್ಟಿಕ್ಕರ್ ಎಂದು ಆನ್‌ಲೈನ್‌ನಲ್ಲಿ ಮಾರುವುದಕ್ಕೆ ದುಡ್ಡು ಹಾಕಬೇಡಿ, ಅದು ಬರೀ ಸ್ಟಿಕ್ಕರ್. ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್, ಅದರಲ್ಲೂ 2.4 ಮಾತ್ರ ಇರುವ ಅಗ್ಗದ್ದು, ಅದಕ್ಕಿಂತ ಕೆಟ್ಟದ್ದು. ಒಂದೇ ಮಾತನ್ನು ಎರಡೆರಡು ಸಲ ಕೂಗಿ ಗದ್ದಲವನ್ನೇ ಹೆಚ್ಚಿಸುತ್ತದೆ.

ಮೌಸ್ ಮಾತ್ರ ತಡವರಿಸುತ್ತಿದ್ದರೆ

ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕ್ ಚುಚ್ಚಿದಾಗಲೇ ಹೀಗಾಗುತ್ತದೆಯೇ? ಯುಎಸ್‌ಬಿ 3.0 ಕೆಲಸ ಮಾಡುವಾಗ 2.4ರ ಸುತ್ತಮುತ್ತ ಗಲಾಟೆ ಹೊಮ್ಮಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಬರೆದಿತ್ತು. ವೈರ್‌ಲೆಸ್ ಮೌಸ್‌ನ ಡಾಂಗಲ್ಲನ್ನು (ಲ್ಯಾಪ್‌ಟಾಪ್‌ಗೆ ಚುಚ್ಚುವ ಪುಟ್ಟ ರಿಸೀವರ್) ಒಂದು ಎಕ್ಸ್‌ಟೆನ್ಷನ್ ಕೇಬಲ್‌ಗೆ ಹಾಕಿ ಡಿಸ್ಕ್‌ನಿಂದ ದೂರ ಇಡಿ. ಯುಎಸ್‌ಬಿ 2 ಕೇಬಲ್ ಸಾಕು.

ಮೈಕ್ರೋವೇವ್ ಓಡುವಾಗ ಮಾತ್ರ ಹಾಡು ಕಟ್ ಆಗುವವರು ರೂಟರ್ ಮುಟ್ಟುವುದೇ ಬೇಡ. ಓವನ್ ಕೂಡ ಇದೇ ಬ್ಯಾಂಡಿನದ್ದು. ಸಾರು ಬಿಸಿಯಾಗುವವರೆಗೆ ಅಡುಗೆಮನೆಯಿಂದ ಆಚೆ ನಿಂತು ಕೇಳಿ.