ಕಚ್ಚಾ ನೆಲದ ಬಗ್ಗಿ: ಮೊದಲು ಪಂಜರ, ಆಮೇಲೆ ಎಂಜಿನ್

ಮನೆಯಲ್ಲೇ ಬಗ್ಗಿ, ಅಂದರೆ ಕಚ್ಚಾ ನೆಲದಲ್ಲಿ ಓಡಿಸುವ ಪೈಪಿನ ಚೌಕಟ್ಟಿನ ತೆರೆದ ಗಾಡಿ, ಕಟ್ಟಲು ಹೊರಟವರಲ್ಲಿ ಬಹುಮಂದಿ ಮೊದಲು ಗುಜರಿಯಲ್ಲಿ ಎಂಜಿನ್ ಹುಡುಕಿ, ಅದರ ಸುತ್ತ ಪೈಪು ಕೂಡಿಸಿ, ಉಳಿದ ಜಾಗದಲ್ಲಿ ಚಾಲಕನನ್ನು ಕೂರಿಸುತ್ತಾರೆ. ಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಗಾಡಿ ಒಂದಲ್ಲ ಒಂದು ದಿನ ಉರುಳಿಯೇ ಉರುಳುತ್ತದೆ ಎಂದು ಭಾವಿಸಿ, ಆಗ ಒಳಗಿರುವ ದೇಹ ಎಲ್ಲಿರುತ್ತದೆ ಎಂಬುದನ್ನು ಮೊದಲು ನಿರ್ಧರಿಸಬೇಕು.

ಓಡಿಸುವವರಲ್ಲಿ ಅತಿ ಎತ್ತರದವರನ್ನು ಹೆಲ್ಮೆಟ್ ಹಾಕಿಸಿ ಸೀಟಿನಲ್ಲಿ ಕೂರಿಸಿ, ಸುತ್ತ ಪಿವಿಸಿ ಪೈಪುಗಳಿಂದ ಪಂಜರದ (ಗಾಡಿ ಉರುಳಿದಾಗ ದೇಹವನ್ನು ಕಾಯುವ ಚೌಕಟ್ಟಿನ) ಮಾದರಿ ನಿಲ್ಲಿಸಿರಿ. ಹೆಲ್ಮೆಟ್ಟಿಗೂ ಪಂಜರಕ್ಕೂ ನಡುವೆ 15 ಸೆಂ.ಮೀ., ಭುಜ, ಮೊಣಕೈ ಮತ್ತು ಮಂಡಿಗಳಿಗೆ 7.5 ಸೆಂ.ಮೀ. ಅಂತರವಿರಲಿ. ಬೆಲ್ಟ್ ಎಷ್ಟೇ ಬಿಗಿಯಾಗಿದ್ದರೂ ಉರುಳುವಾಗ ದೇಹ ಅಷ್ಟಿಷ್ಟು ಜರುಗುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಗಾಡಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಯ ನಿಯಮದಲ್ಲಿ ಪಂಜರದ ಮುಖ್ಯ ಪೈಪಿಗೆ ಆಧಾರ ಅಳತೆ 25.4 ಮಿ.ಮೀ. ಹೊರವ್ಯಾಸ, ಸುಮಾರು 3 ಮಿ.ಮೀ. ದಪ್ಪ; ಉಕ್ಕಿನಲ್ಲಿ ಇಂಗಾಲ ಶೇ. 0.18ಕ್ಕಿಂತ ಕಡಿಮೆ ಇರಬಾರದು. ಅದು ಸಣ್ಣ ಎಂಜಿನ್ನಿನ ಒಂಟಿ ಸೀಟಿನ ಗಾಡಿಗೆ. ಹಳೆಯ ಮಾರುತಿ 800ರ 796 ಸಿಸಿ ಎಂಜಿನ್ ಇಟ್ಟು ಇಬ್ಬರನ್ನು ಕೂರಿಸುವುದಾದರೆ 38 ಮಿ.ಮೀ. ವ್ಯಾಸದ ಪೈಪನ್ನೇ ಆರಿಸುವುದು ಲೇಸು: ದಪ್ಪ ಅಷ್ಟೇ ಇದ್ದರೆ ತೂಕ ಸುಮಾರು ಒಂದೂವರೆ ಪಟ್ಟಾಗುತ್ತದೆ, ಬಾಗದಂತೆ ತಡೆಯುವ ಬಿಗುವು ಮಾತ್ರ ಮೂರೂವರೆ ಪಟ್ಟು ಮೀರುತ್ತದೆ. ನೀರಿನ ಜಿಐ ಪೈಪು ಬೇಡವೇ ಬೇಡ. ಅದರ ಸತುವಿನ ಲೇಪ ಬೆಸುಗೆಯನ್ನು ಕೆಡಿಸುವುದಲ್ಲದೆ, ಅದರ ಹೊಗೆ ಬೆಸುಗೆಯವನಿಗೆ ಜ್ವರ ತರಿಸುತ್ತದೆ.

ಚೌಕಾಕಾರದ ಚೌಕಟ್ಟು ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಆದ್ದರಿಂದ ಚಾಲಕನ ಬೆನ್ನ ಹಿಂದಿನ ಕಮಾನಿಗೆ ಕರ್ಣದಂತೆ ಒಂದು ಪೈಪು ಕಡ್ಡಾಯ, ಮತ್ತು ಸಸ್ಪೆನ್ಷನ್ನಿನ ಹೊರೆ ಪೈಪಿನ ನಡುಭಾಗಕ್ಕೆ ಬೀಳದೆ, ಹಲವು ಪೈಪುಗಳು ಸೇರುವ ಗಂಟಿಗೇ ಬೀಳಬೇಕು. ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು, ಎದುರಿನ ಪೈಪಿಗೆ ಸಂದಿಯಿಲ್ಲದೆ ಕೂರಿಸಿದ ಮೇಲೆಯೇ ಬೆಸುಗೆ ಹಾಕಿರಿ. ಮೊದಲು ಅದೇ ಪೈಪಿನ ಎರಡು ತುಂಡುಗಳನ್ನು ಬೆಸೆದು, ವೈಸಿನಲ್ಲಿ ಹಿಡಿದು, ಸುತ್ತಿಗೆಯಿಂದ ಮುರಿಯುವವರೆಗೂ ಹೊಡೆಯಿರಿ. ಪೈಪು ಹರಿದರೆ ಬೆಸುಗೆ ಸರಿ. ಬೆಸುಗೆಯೇ ಕಳಚಿ, ಕೆಳಗೆ ನುಣುಪಾದ ಲೋಹ ಕಂಡರೆ, ಆ ಕೈಯಿಂದ ಪಂಜರ ಮಾಡಿಸಬೇಡಿ.

ಎಂಜಿನ್, ಚಕ್ರ, ಬ್ರೇಕು ಸೇರಿದ ಮಾರುತಿಯ ಮುಂಭಾಗವನ್ನು ಇಡಿಯಾಗಿ ಬಗ್ಗಿಯ ಹಿಂದಕ್ಕೆ ತಂದು ಕೂರಿಸುವುದು ಸುಲಭವಾದ ದಾರಿ. ಆಗ ಟೈ ರಾಡುಗಳ (ಸ್ಟೀರಿಂಗಿನಿಂದ ಚಕ್ರಗಳನ್ನು ತಿರುಗಿಸುವ ಸರಳುಗಳ) ಒಳತುದಿಯನ್ನು ಚೌಕಟ್ಟಿಗೆ ಭದ್ರಪಡಿಸದಿದ್ದರೆ ಹಿಂಚಕ್ರಗಳು ತಾವಾಗಿ ತಿರುಗಿಕೊಳ್ಳುತ್ತವೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ: ದೊಡ್ಡ ಬ್ರೇಕು ಹಿಂದಕ್ಕೆ ಹೋದುದರಿಂದ, ಮುಂದೆ ಅದಕ್ಕಿಂತ ಪ್ರಬಲವಾದ ಡಿಸ್ಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂಚಕ್ರ ಮೊದಲು ಬಿಗಿದು ಗಾಡಿ ಗಿರಕಿ ಹೊಡೆಯುತ್ತದೆ. ಬ್ರೇಕಿನ ಎಣ್ಣೆ ಎರಡು ಪ್ರತ್ಯೇಕ ಮಾರ್ಗಗಳಲ್ಲಿ ಹರಿಯಲಿ.

ಗುರುತ್ವ ಕೇಂದ್ರ ತಗ್ಗಿನಲ್ಲಿರಬೇಕು. ಎಡ-ಬಲ ಚಕ್ರಗಳ ನಡುವಿನ ಅಗಲವನ್ನು ನೆಲದಿಂದ ಆ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ ನೋಡಿರಿ, 1300 ಮಿ.ಮೀ. ಅಗಲ, 500 ಮಿ.ಮೀ. ಎತ್ತರವಾದರೆ 1.3 ಬರುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಗಾಡಿ ಬೇಗ ಮಗುಚುತ್ತದೆ. ನೆಲದಿಂದ ಎತ್ತರ ಬೇಕೆಂಬ ಆಸೆಗೆ ಇದೇ ಮಿತಿ.

ಬೆಲ್ಟ್ ನಾಲ್ಕು ಅಥವಾ ಐದು ಬಿಂದುಗಳದ್ದಾಗಿರಲಿ, ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಕಟಿಯ ಮೂಳೆಯ ಮೇಲೆ ಕೂರಲಿ. ಉರುಳುವಾಗ ಕೈ ಹೊರಚಾಚುವುದು ಮನುಷ್ಯನ ಸಹಜ ವರ್ತನೆಯಾದ್ದರಿಂದ ಪಕ್ಕಕ್ಕೆ ಬಲೆ ಬೇಕೇ ಬೇಕು. ಎಂಜಿನ್ ಮತ್ತು ಸೀಟಿನ ನಡುವೆ ತಗಡಿನ ತಡೆ, ಒಳಗಿನಿಂದಲೂ ಹೊರಗಿನಿಂದಲೂ ಎಟುಕುವ ಎಂಜಿನ್ ಬಂದ್ ಮಾಡುವ ಸ್ವಿಚ್, ಬೆಂಕಿ ನಂದಿಸುವ ಸಿಲಿಂಡರ್ ಇವುಗಳಲ್ಲಿ ರಾಜಿ ಇಲ್ಲ.

ಇಂಥ ಗಾಡಿಯನ್ನು ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಪರೀಕ್ಷೆಗೂ ಖಾಸಗಿ ಹೊಲವೇ ಬೇಕು. ಸ್ಟೀರಿಂಗ್, ಸಸ್ಪೆನ್ಷನ್ನುಗಳಿಗೆ 8.8 ದರ್ಜೆಯ (ಹೆಚ್ಚು ಬಲದ) ಬೋಲ್ಟ್ ಮತ್ತು ನೈಲಾನ್ ಉಂಗುರದ ನಟ್ ಬಳಸಿ, ಬಿಗಿದ ಮೇಲೆ ಪ್ರತಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ನಿಧಾನವಾಗಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿರಿ. ಗೆರೆ ತುಂಡಾದ ಕಡೆ ನಟ್ ಸಡಿಲಾಗಿದೆ. ಸಡಿಲಾಗಲು ಕಾರಣವೇನೆಂದು ತಿಳಿಯುವ ಮುನ್ನ ಅದನ್ನು ಸುಮ್ಮನೆ ಮತ್ತೆ ಬಿಗಿಯಬೇಡಿ.