ಪ್ಯಾಕೆಟ್ ಹಿಂದುಗಡೆ ಏನು ಓದ್ಬೇಕು, ಏನು ಬಿಟ್ರೂ ನಡಿಯುತ್ತೆ

ಅಂಗಡೀಲಿ ಪ್ಯಾಕೆಟ್ ಕೈಗೆ ತಗೊಂಡ ತಕ್ಷಣ ಅದನ್ನ ತಿರುಗಿಸಿ. ಮುಂದುಗಡೆ ಇರೋದೆಲ್ಲ ಜಾಹೀರಾತು, ರಾಗಿ ತೆನೆ ಚಿತ್ರ, ಉಕ್ಕೋ ಹಾಲು, ಕಪ್ ಹಿಡ್ಕೊಂಡು ನಗ್ತಿರೋ ಹುಡುಗ. ಹಿಂದುಗಡೆ ಸಣ್ಣಕ್ಷರದಲ್ಲಿ ಇರೋದು ಮಾತ್ರ ಕಾನೂನಿಗೋಸ್ಕರ ಬರೆದಿದ್ದು, ಅದರಲ್ಲಿ ಸುಳ್ಳು ಹೇಳಿದ್ರೆ ಕೇಸ್ ಬೀಳುತ್ತೆ ಅನ್ನೋ ಭಯ ಕಂಪನಿಗೆ ಇರುತ್ತೆ, ಹಾಗಾಗಿ ನಮಗೆ ಬೇಕಾಗಿರೋದು ಅದೇ. ಒಂದೇ ಬೇಜಾರು ಅಂದ್ರೆ ಕೇಂದ್ರದ ಆಹಾರ ಲೇಬಲ್ ನಿಯಮದ ಪ್ರಕಾರ ಇದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ರೆ ಸಾಕು, ಕನ್ನಡ ಹಾಕಲೇಬೇಕು ಅಂತ ಆ ನಿಯಮ ಹೇಳಲ್ಲ. ಮನೆಗೆ ಸಾಮಾನು ತರೋರಿಗೆ ಇಂಗ್ಲಿಷ್ ಓದೋಕೆ ಬರದಿದ್ರೆ ಕೆಳಗಿನ ನಾಲ್ಕೈದು ಪದ ಗುರುತು ಹಿಡಿಯೋದು ಹೇಳ್ಕೊಡಿ, ಅಷ್ಟು ಸಾಕು. ಅಕ್ಷರ ತೀರಾ ಸಣ್ಣದಿದ್ರೆ ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡ್ಕೊಳ್ಳಿ.

ಮೊದಲು ನೋಡ್ಬೇಕಾಗಿದ್ದು ಇನ್‌ಗ್ರೀಡಿಯೆಂಟ್ಸ್ ಅನ್ನೋ ಪಟ್ಟಿ. ಇದರಲ್ಲಿ ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೀಬೇಕು, ಕಡಿಮೆ ಇರೋದು ಕೊನೆಗೆ. ಅಂದ್ರೆ ಮೊದಲ ಮೂರು ಹೆಸರು ಓದಿದ್ರೆ ಮುಕ್ಕಾಲು ಕಥೆ ಗೊತ್ತಾಗುತ್ತೆ. ರಾಗಿ ಬಿಸ್ಕೆಟ್ ಅಂತ ತಗೊಂಡಿರ್ತೀರ, ಹಿಂದೆ ನೋಡಿದ್ರೆ ಮೊದಲು ರಿಫೈನ್ಡ್ ವೀಟ್ ಫ್ಲೋರ್, ಆಮೇಲೆ ಶುಗರ್, ಆಮೇಲೆ ಪಾಮ್ ಆಯಿಲ್, ರಾಗಿ ಅದರ ಹಿಂದೆ ಎಲ್ಲೋ ನಿಂತಿರುತ್ತೆ. ರಿಫೈನ್ಡ್ ವೀಟ್ ಫ್ಲೋರ್ ಅಂದ್ರೆ ಮೈದಾ, ಗೋಧಿ ಅಂತ ಮೋಸ ಹೋಗ್ಬೇಡಿ. ಮುಂದುಗಡೆ ದೊಡ್ಡದಾಗಿ ಹೆಸರು ಹಾಕಿರೋ ಪದಾರ್ಥ ಎಷ್ಟು ಪರ್ಸೆಂಟ್ ಇದೆ ಅಂತ ಪಟ್ಟಿಯಲ್ಲಿ ಹೇಳ್ಬೇಕು ಅಂತ ನಿಯಮ ಇದೆ, ಆ ಸಂಖ್ಯೆ ಹುಡುಕಿ, ಸಿಕ್ಕಾಗ ಸ್ವಲ್ಪ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ.

ಸಕ್ಕರೆ ಒಂದೇ ಹೆಸರಲ್ಲಿ ಬರಲ್ಲ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲ ಸಕ್ಕರೆ ಮನೆತನದವೇ, ಮಾಲ್ಟೋಡೆಕ್ಸ್‌ಟ್ರಿನ್ ಲೆಕ್ಕಕ್ಕೆ ಸಕ್ಕರೆ ಅಲ್ಲದಿದ್ರೂ ರಕ್ತದಲ್ಲಿ ಗ್ಲೂಕೋಸ್ ಏರಿಸೋ ವಿಷಯದಲ್ಲಿ ಕಡಿಮೆ ಏನಲ್ಲ. ಮೂರು ನಾಲ್ಕು ಥರ ಸಿಹಿ ಹಾಕಿದಾಗ ಒಂದೊಂದರ ತೂಕ ಕಮ್ಮಿ ಆಗಿ ಪಟ್ಟಿಯಲ್ಲಿ ಎಲ್ಲವೂ ಕೆಳಗೆ ಇಳಿಯುತ್ತೆ, ಕೂಡಿಸಿದ್ರೆ ಮೇಲಿರುತ್ತೆ. ಬೆಲ್ಲ, ಜೇನು ಹಾಕಿದೀವಿ ಅಂತ ಬರೆದ್ರೂ ಲೆಕ್ಕ ಅದೇ.

ಆಮೇಲೆ ಸಂಖ್ಯೆಗಳ ಟೇಬಲ್. ಇಲ್ಲಿ 100 ಗ್ರಾಂ ಅಥವಾ 100 ಎಂಎಲ್ ಲೆಕ್ಕದ ಕಾಲಂ ಮಾತ್ರ ನೋಡಿ, ಎರಡು ಬ್ರಾಂಡ್ ಹೋಲಿಸೋಕೂ ಅದೇ ಸರಿ. ಪಕ್ಕದಲ್ಲೇ ಒಂದು ಸರ್ವ್‌ಗೆ ಇಷ್ಟು ಪರ್ಸೆಂಟ್ ಅಂತ ಇರುತ್ತಲ್ಲ ಅದು ನಮ್ಮನ್ನ ಸಮಾಧಾನ ಮಾಡೋಕೆ ಇರೋದು ಅನ್ಸುತ್ತೆ ನನಗೆ. 50 ಗ್ರಾಂ ಚಿಪ್ಸ್ ಪ್ಯಾಕೆಟ್ ಮೇಲೆ ಒಂದು ಸರ್ವ್ 20 ಗ್ರಾಂ ಅಂತ ಬರೆದ್ರೆ ಯಾರು ರೀ ಅಲ್ಲಿಗೆ ನಿಲ್ಲಿಸಿ ಪ್ಯಾಕೆಟ್ ಮಡಚಿ ಇಡ್ತಾರೆ. ಇನ್ನೊಂದು ವಿಷಯ, ಆ ಪರ್ಸೆಂಟ್ ಲೆಕ್ಕ ದಿನಕ್ಕೆ 2000 ಕ್ಯಾಲೊರಿ ತಿನ್ನೋ ದೊಡ್ಡವರದ್ದು. ಆಡೆಡ್ ಶುಗರ್ (ಹೊರಗಿಂದ ಸೇರಿಸಿದ ಸಕ್ಕರೆ) 50 ಗ್ರಾಂ, ಸ್ಯಾಚುರೇಟೆಡ್ ಫ್ಯಾಟ್ 22 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಅಂತ ಇಟ್ಕೊಂಡು ಲೆಕ್ಕ ಹಾಕಿರ್ತಾರೆ. ಪ್ಯಾಕೆಟ್ ಮೇಲೆ ಕಾರ್ಟೂನ್ ಬಿಡಿಸಿ ಆರು ವರ್ಷದ ಮಗುವಿಗೆ ಮಾರಿದ್ರೂ ಲೆಕ್ಕ ಮಾತ್ರ ಅಪ್ಪಂದು.

ಸಕ್ಕರೆನ ಚಮಚಕ್ಕೆ ತಿರುಗಿಸಿದ್ರೆ ಬೇಗ ಮನಸ್ಸಿಗೆ ಹತ್ತುತ್ತೆ, ಸುಮಾರು 4 ಗ್ರಾಂ ಅಂದ್ರೆ ಒಂದು ಟೀ ಚಮಚ. 100 ಎಂಎಲ್‌ಗೆ 10 ಗ್ರಾಂ ಇರೋ ಕೂಲ್ ಡ್ರಿಂಕ್ 250 ಎಂಎಲ್ ಕುಡಿದ್ರೆ 25 ಗ್ರಾಂ, ಆರು ಚಮಚ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ದಾಟಬೇಡಿ, 25ರ ಒಳಗಿದ್ರೆ ಇನ್ನೂ ಒಳ್ಳೇದು ಅನ್ನುತ್ತೆ, ಆ 25 ಒಂದೇ ಬಾಟಲಿಗೆ ಮುಗೀತು. ಹಾಲು, ಮೊಸರು ಪ್ಯಾಕೆಟ್‌ಗಳಲ್ಲಿ ಟೋಟಲ್ ಶುಗರ್ ಕಂಡು ಗಾಬರಿ ಆಗ್ಬೇಡಿ, ಅದು ಹಾಲಿನಲ್ಲೇ ಇರೋ ಲ್ಯಾಕ್ಟೋಸ್, ನೋಡ್ಬೇಕಾಗಿದ್ದು ಆಡೆಡ್ ಶುಗರ್ ಸಾಲು.

ಸೋಡಿಯಂ ಇದ್ದಲ್ಲಿ ಎರಡೂವರೆಯಿಂದ ಗುಣಿಸಿ, ಉಪ್ಪು ಎಷ್ಟು ಅಂತ ಬರುತ್ತೆ. 100 ಗ್ರಾಂಗೆ 1200 ಮಿಲಿಗ್ರಾಂ ಸೋಡಿಯಂ ಇರೋ ನೂಡಲ್ಸ್ 70 ಗ್ರಾಂ ತಿಂದ್ರೆ 840 ಮಿಲಿಗ್ರಾಂ, ಅಂದ್ರೆ 2 ಗ್ರಾಂ ಮೇಲೆ ಉಪ್ಪು. ಇಡೀ ದಿನಕ್ಕೆ 5 ಗ್ರಾಂ ಸಾಕು ಅಂತಾರೆ, ನಮ್ಮ ಸಾರು, ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಬಿಪಿ ಇರೋರು ಮನೇಲಿದ್ರೆ ಬೇರೆ ಎಲ್ಲ ಬಿಟ್ರೂ ಈ ಒಂದು ಸಾಲು ಬಿಡ್ಬೇಡಿ. ಬ್ರೆಡ್, ಸಾಸ್, ಸೂಪ್ ಪುಡಿಗಳಲ್ಲಿ ಉಪ್ಪು ನಾಲಿಗೆಗೆ ಅಷ್ಟಾಗಿ ಗೊತ್ತಾಗಲ್ಲ.

ಮುಂದುಗಡೆಯ ಘೋಷಣೆಗಳ ಬಗ್ಗೆ ಬೇಗ ಹೇಳ್ಬಿಡ್ತೀನಿ. ನೋ ಕೊಲೆಸ್ಟ್ರಾಲ್ ಅಂತ ಎಣ್ಣೆ ಮೇಲೋ ಚಿಪ್ಸ್ ಮೇಲೋ ಬರೆದ್ರೆ ಅದು ಹೆಚ್ಚುಗಾರಿಕೆ ಏನಲ್ಲ, ಗಿಡದಿಂದ ಬಂದ ಎಣ್ಣೇಲಿ ಕೊಲೆಸ್ಟ್ರಾಲ್ ಇರೋದೇ ಇಲ್ಲ ಅನ್ನೋ ಹಾಗೆ. ಟ್ರಾನ್ಸ್ ಫ್ಯಾಟ್ (ಎಣ್ಣೆನ ಗಟ್ಟಿ ಮಾಡುವಾಗ ಹುಟ್ಟೋ ಕೆಟ್ಟ ಕೊಬ್ಬು) ಜೀರೋ ಅನ್ನೋದೂ ಅಷ್ಟೇ, 2022ರಿಂದ ಎಣ್ಣೆ, ಕೊಬ್ಬಲ್ಲಿ ಅದು 2 ಪರ್ಸೆಂಟ್ ಮೀರಬಾರದು ಅಂತ ಎಲ್ಲರಿಗೂ ನಿಯಮ ಇದೆ, ಅದರ ಬದಲು ಬಂದ ಪಾಮ್ ಎಣ್ಣೇಲಿ ಹೆಚ್ಚುಕಡಿಮೆ ಅರ್ಧ ಸ್ಯಾಚುರೇಟೆಡ್ ಕೊಬ್ಬು. ಹೆಲ್ತ್ ಡ್ರಿಂಕ್ ಅನ್ನೋದಕ್ಕೆ ನಮ್ಮ ಆಹಾರ ಕಾನೂನಲ್ಲಿ ವ್ಯಾಖ್ಯೆನೇ ಇಲ್ಲ, 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ವಿಭಾಗದಿಂದ ಇಂಥ ಡ್ರಿಂಕ್‌ಗಳನ್ನ ತೆಗೀರಿ ಅಂತ ಹೇಳಿತ್ತು. ಫ್ರೋಜನ್ ಡೆಸರ್ಟ್ ಐಸ್‌ಕ್ರೀಮ್ ಅಲ್ಲ, ಅದರಲ್ಲಿ ಹಾಲಿನ ಕೊಬ್ಬಿನ ಬದಲು ಗಿಡದಿಂದ ಬಂದ ಎಣ್ಣೆ. ಬ್ರೌನ್ ಬ್ರೆಡ್ ಪಟ್ಟಿಯಲ್ಲಿ ಮೈದಾ ಮೊದಲಿದ್ದು ಕೊನೇಲಿ ಕ್ಯಾರಮೆಲ್ ಅಂದ್ರೆ ಐಎನ್‌ಎಸ್ 150 ಇದ್ರೆ ಬಣ್ಣ ಎಲ್ಲಿಂದ ಬಂತು ಅಂತ ಕೇಳೋದೇ ಬೇಡ.

ಐಎನ್‌ಎಸ್ ನಂಬರ್ ಅಂದ್ನಲ್ಲ, ಅದು ಆಹಾರಕ್ಕೆ ಸೇರಿಸೋ ಬಣ್ಣ, ಹುಳಿ, ರುಚಿ ಪದಾರ್ಥಗಳಿಗೆ ಕೊಟ್ಟಿರೋ ಅಂತರರಾಷ್ಟ್ರೀಯ ಸಂಖ್ಯೆ, ವಾಟ್ಸಾಪಲ್ಲಿ ಇದರ ಬಗ್ಗೆ ಬರೋ ಹೆದರಿಸೋ ಮೆಸೇಜುಗಳನ್ನ ಡಿಲೀಟ್ ಮಾಡಿ. 500 ಅಂದ್ರೆ ಅಡುಗೆ ಸೋಡಾ ಜಾತಿ, 330 ಅಂದ್ರೆ ನಿಂಬೆಹಣ್ಣಲ್ಲಿರೋ ಸಿಟ್ರಿಕ್ ಆಮ್ಲ, 322 ಅಂದ್ರೆ ಎಣ್ಣೆ ನೀರು ಬೆರೆಯೋಕೆ ಹಾಕೋ ಲೆಸಿಥಿನ್ (ಇಂಥದ್ದನ್ನೇ ಎಮಲ್ಸಿಫೈಯರ್ ಅನ್ನೋದು), 621 ನಮ್ಮ ಗೋಬಿ ಅಂಗಡಿಯ ಟೇಸ್ಟಿಂಗ್ ಪೌಡರ್. ನಂಬರ್ ಇದ್ದ ಮಾತ್ರಕ್ಕೆ ವಿಷ ಅಲ್ಲ. ನನ್ನ ಪ್ರಕಾರ ಜನ 621ಕ್ಕೆ ಹೆದರಿ ಅದೇ ಪ್ಯಾಕೆಟ್‌ನ ಮೈದಾ, ಪಾಮ್ ಎಣ್ಣೆ, ಉಪ್ಪನ್ನ ಮರೆತುಬಿಡ್ತಾರೆ, ದಿನಾ ದೇಹಕ್ಕೆ ಹೊರೆ ಆಗೋದು ಅವೇ. ಆದ್ರೆ ನಂಬರುಗಳು, ಫ್ಲೇವರ್, ಎಮಲ್ಸಿಫೈಯರ್ ಉದ್ದಕ್ಕೆ ಸಾಲುಗಟ್ಟಿದ್ರೆ, ನಮ್ಮ ಅಡುಗೆಮನೇಲಿ ಇರದ ಹೆಸರುಗಳೇ ಜಾಸ್ತಿ ಇದ್ರೆ, ಅದು ಅಲ್ಟ್ರಾ ಪ್ರೊಸೆಸ್ಡ್, ಅಂದ್ರೆ ಕಾರ್ಖಾನೇಲಿ ತೀರಾ ಸಂಸ್ಕರಿಸಿದ್ದು ಅಂತ ಗುರುತು. ಬ್ರೆಜಿಲ್‌ನ ಸಾವೊ ಪಾಲೊ ವಿವಿಯ ಕಾರ್ಲೋಸ್ ಮೊಂಟೇರೊ ತಂಡ, ಆಹಾರನ ಎಷ್ಟು ಸಂಸ್ಕರಿಸಿದೆ ಅನ್ನೋದರ ಮೇಲೆ ಮಾಡಿದ ನೋವಾ ವಿಂಗಡಣೆ ಹೇಳೋದು ಸುಮಾರಾಗಿ ಇದನ್ನೇ.

ಬರೀ ಸಕ್ಕರೆ ಉಪ್ಪು ನೋಡಿದ್ರೆ ಸಾಲದು ಅನ್ನೋಕೆ ಕಾರಣ ಇದೆ. 2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನ ಒಳಗೇ ಇರಿಸಿಕೊಂಡು ಎರಡು ವಾರ ಅಲ್ಟ್ರಾ ಪ್ರೊಸೆಸ್ಡ್, ಎರಡು ವಾರ ಮಾಮೂಲಿ ಊಟ ಕೊಟ್ಟು ನೋಡಿತು. ತಟ್ಟೇಲಿ ಇಟ್ಟ ಕ್ಯಾಲೊರಿ, ಸಕ್ಕರೆ, ಉಪ್ಪು, ನಾರು ಹೆಚ್ಚುಕಡಿಮೆ ಸಮ, ಎಷ್ಟು ಬೇಕೋ ತಿನ್ನಿ ಅಂದಿದ್ರು. ಪ್ಯಾಕೆಟ್ ಊಟದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು, ಬೇಗಬೇಗನೂ ತಿಂದ್ರು, ತೂಕ ಸುಮಾರು ಒಂದು ಕೆಜಿ ಹತ್ರ ಏರಿತು. ಮೆತ್ತಗೆ ಇರುತ್ತೆ, ಅಗಿಯೋ ಕೆಲಸ ಇಲ್ಲ, ಹೊಟ್ಟೆ ತುಂಬಿದ್ದು ಗೊತ್ತಾಗೋದ್ರೊಳಗೆ ಪ್ಯಾಕೆಟ್ ಖಾಲಿ.

ಹಾಗಂತ ಪ್ಯಾಕೆಟಲ್ಲಿ ಇರೋದೆಲ್ಲ ಬೇಡ ಅಂತಲ್ಲ. ಹಾಲು, ಮೊಸರು, ಅವಲಕ್ಕಿ, ರವೆ, ಶಾವಿಗೆ, ಅಕ್ಕಿ ಉದ್ದು ಉಪ್ಪು ಬಿಟ್ಟು ಬೇರೇನೂ ಇಲ್ಲದ ದೋಸೆ ಹಿಟ್ಟು, ಇವನ್ನ ಧೈರ್ಯವಾಗಿ ತಗೊಳ್ಳಿ, ಕೆಲಸಕ್ಕೆ ಹೋಗೋರಿಗೆ ಇವಿಲ್ಲದೆ ಆಗಲ್ಲ. ಬದಲಾಯಿಸೋದಿದ್ರೆ ದಿನಾ ತಿನ್ನೋದನ್ನ ಮೊದಲು ಬದಲಾಯಿಸಿ, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ತರೋ ಕೇಕ್ ಬಗ್ಗೆ ಜಗಳ ಬೇಡ. ಸಂಜೆ ಟೀ ಜೊತೆ ಬಿಸ್ಕೆಟ್ ಇದ್ದಲ್ಲಿ ಕಡ್ಲೆಪುರಿಗೆ ಈರುಳ್ಳಿ ಟೊಮ್ಯಾಟೊ ಕಲಸಿ, ಹುರಿಗಡಲೆ, ಶೇಂಗಾ, ಬೇಯಿಸಿದ ಜೋಳ, ಏನಾದ್ರೂ ಅಗಿಯೋ ಅಂಥದ್ದು. ಮಕ್ಕಳು ಒಂದು ವಾರ ಮುಖ ಊದಿಸ್ಕೊಂಡಿರ್ತವೆ, ಇರಲಿ ಬಿಡಿ.

ಬೇಕರಿ ಪಫ್, ಬೆಣ್ಣೆ ಬಿಸ್ಕೆಟ್, ರಸ್ತೆ ಬದಿ ಗೋಬಿಗೆ ಹಿಂದುಗಡೆ ಅನ್ನೋದೇ ಇಲ್ಲವಲ್ಲ, ಅಲ್ಲಿ ಕಣ್ಣೇ ಗತಿ. ಕಣ್ಣಿಗೆ ಹೊಡೆಯೋ ಕೆಂಪು ಇದ್ರೆ ಬಿಡಿ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತೆ ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನ, ಜೂನ್‌ನಲ್ಲಿ ಕಬಾಬ್‌ಗೆ ಹಾಕೋದನ್ನ ನಮ್ಮ ರಾಜ್ಯ ಸರ್ಕಾರ ನಿಷೇಧ ಮಾಡಿದೆ.

ಪ್ಯಾಕೆಟ್ ಆಹಾರದಲ್ಲಿ ಹುಳ, ಬೂಷ್ಟು, ಅವಧಿ ಮುಗಿದ ತಾರೀಕು ಏನಾದ್ರೂ ಸಿಕ್ಕಿದ್ರೆ ಕವರ್ ಬಿಸಾಡ್ಬೇಡಿ. ಬಿಲ್, ಬ್ಯಾಚ್ ನಂಬರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಕಾಣೋ ಹಾಗೆ ಫೋಟೋ ತೆಗೆದು ಫುಡ್ ಸೇಫ್ಟಿ ಕನೆಕ್ಟ್ ಆ್ಯಪಲ್ಲಿ ದೂರು ಹಾಕಿ.