ಹಿಟಾಚಿ ಮೆಕ್ಯಾನಿಕ್ ಆದದ್ದು: ನನ್ನ ಅಪ್ರೆಂಟಿಸ್ ವರ್ಷ

ನಮ್ಮ ಸಂಡೂರು ಕಡೆ ಮಣ್ಣು ಅಗೆಯುವ ಯಂತ್ರವನ್ನು ಎಕ್ಸ್‌ಕವೇಟರ್ ಅಂತ ಯಾರೂ ಅನ್ನುವುದಿಲ್ಲ. ಯಾವ ಕಂಪನಿಯದೇ ಇರಲಿ, ಚೈನ್ ಮೇಲೆ ನಡೆದರೆ ಅದು ಹಿಟಾಚಿ, ಟೈರ್ ಮೇಲೆ ಓಡಿದರೆ ಜೆಸಿಬಿ. ಅದಿರಿನ ಟಿಪ್ಪರ್ ಸಾಲು ನೋಡುತ್ತಲೇ ಬೆಳೆದವನು ನಾನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಒಂಬತ್ತನೇ ಕ್ಲಾಸಿನಲ್ಲಿದ್ದೆ. ಟಿಪ್ಪರ್ ನಿಂತವು, ಎಷ್ಟೋ ಡ್ರೈವರುಗಳು ಊರು ಬಿಟ್ಟರು. ಆದರೆ ನಿಂತ ಮಷಿನ್ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು, ಬೇರೆ ಊರಿಗೆ ಸಾಗಿಸುವ ಮೊದಲು ಸಜ್ಜು ಮಾಡಲು, ಗಣಿ ಮತ್ತೆ ಶುರುವಾದಾಗ ಎಬ್ಬಿಸಲು ಮೆಕ್ಯಾನಿಕ್ ಬೇಕೇ ಬೇಕಾಗಿತ್ತು. ಅದನ್ನು ಕಣ್ಣಾರೆ ಕಂಡೇ ಈ ಕೆಲಸ ಹಿಡಿಯಬೇಕು ಅಂತ ಮನಸ್ಸು ಮಾಡಿದೆ.

ಪಿಯುಸಿ ಆದಮೇಲೆ ಒಂದು ಗ್ಯಾರೇಜಿಗೆ ಸೇರಿದೆ. "ಅಪ್ರೆಂಟಿಸ್ ಅಂತ ತಗೊಂಡೀವಿ" ಅಂದಿದ್ದರು. ವರ್ಷದ ಹತ್ತಿರ ದುಡಿದ ಮೇಲೆ ಗೊತ್ತಾಯಿತು, ನನ್ನ ಹೆಸರಿನಲ್ಲಿ ಒಂದು ಕಾಗದವೂ ಇರಲಿಲ್ಲ. ನಾನು ಹೆಲ್ಪರ್, ಅಷ್ಟೇ. ಆ ವರ್ಷಕ್ಕೆ ಯಾವ ಪರೀಕ್ಷೆಯೂ ಇಲ್ಲ, ಯಾವ ಸರ್ಟಿಫಿಕೇಟೂ ಇಲ್ಲ. ಈಗಲೂ ಎಷ್ಟೋ ಹುಡುಗರು ಇದೇ ಜಾಗದಲ್ಲಿ ಸಿಕ್ಕಿಕೊಂಡಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಅಂದರೆ ಕರಾರು ಇರಬೇಕು, ಆ ಕರಾರು ರಿಜಿಸ್ಟರ್ ಆಗಿರಬೇಕು. ಕೆಲಸಕ್ಕೆ ಸೇರುವ ದಿನವೇ "ನನ್ನ ಕಾಂಟ್ರ್ಯಾಕ್ಟ್ ನಂಬರ್ ಯಾವಾಗ ಬರುತ್ತೆ ಸರ್?" ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಆ ಜಾಗ ಬೇಡ.

2016ರಲ್ಲಿ ಐಟಿಐ ಸೇರಿ ಮೆಕ್ಯಾನಿಕ್ ಡೀಸೆಲ್ ಟ್ರೇಡ್ ಮಾಡಿದೆ, ಒಂದು ವರ್ಷದ್ದು. ಮುಗಿದ ಕೂಡಲೇ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ಹಾಕಿದೆ. ಹೊಸಪೇಟೆ ಹತ್ತಿರ ಒಂದು ಭಾರಿ ಯಂತ್ರಗಳ ವರ್ಕ್‌ಶಾಪಿನಲ್ಲಿ ಅಕ್ಟೋಬರ್ 2017ರಿಂದ ಒಂದು ವರ್ಷದ ಕರಾರು ಸಿಕ್ಕಿತು. ಆಗ ಮೊದಲ ವರ್ಷದ ಸ್ಟೈಪೆಂಡ್ ಅರೆಕುಶಲ ಕಾರ್ಮಿಕರ ಕನಿಷ್ಠ ವೇತನದ ಶೇ 70. 2019ರಲ್ಲಿ ನಿಯಮ ಬದಲಾಗಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಆಯಿತು. ಅದೇ ತಿದ್ದುಪಡಿಯಲ್ಲಿ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತಲೂ ಬಂತು. ದೊಡ್ಡ ಡೀಲರ್, ದೊಡ್ಡ ಗಣಿ, ಸ್ಟೀಲ್ ಪ್ಲಾಂಟ್ ಎಲ್ಲಕ್ಕೂ ಇದು ಅನ್ವಯ. ಹಾಗಾಗಿ ಹೋಗಿ ಕೇಳಲು ಸಂಕೋಚ ಬೇಡ.

ಮೊದಲ ಎರಡು ತಿಂಗಳು ತೊಳೆಯುವುದೇ ಕೆಲಸ. ಅದಿರಿನ ಕೆಂಪು ಧೂಳು ಗ್ರೀಸ್ ಜೊತೆ ಸೇರಿದರೆ ಗಾರೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ತೊಳೆಯುತ್ತಾ ತೊಳೆಯುತ್ತಾ ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ರೋಲರ್ ಸೀಲ್‌ನಿಂದ ಆಯಿಲ್ ಜಿನುಗುತ್ತಿದೆ, ಯಾವ ಚೈನ್ ಲಿಂಕ್ ಸವೆದಿದೆ ಅನ್ನುವುದು ತಾನಾಗಿಯೇ ಕಣ್ಣಿಗೆ ಬೀಳತೊಡಗಿತು. ತೊಳೆಯುವ ಕೆಲಸ ಕೊಟ್ಟರು ಅಂತ ಬಿಟ್ಟು ಹೋದ ಇಬ್ಬರು ಹುಡುಗರಿದ್ದರು. ಇನ್ನೊಂದು ತಿಂಗಳು ಇದ್ದಿದ್ದರೆ ಅವರಿಗೂ ಕಾಣುತ್ತಿತ್ತು.

ಮೂರನೇ ತಿಂಗಳಲ್ಲಿ ನನ್ನಿಂದ ಒಂದು ತಪ್ಪಾಯಿತು. ಇಂಜಿನ್ನಿನ ಹಳೇ ಆಯಿಲ್ ಇಳಿಸಿ, ತಳದ ತೂತು ಮುಚ್ಚುವ ಡ್ರೇನ್ ಪ್ಲಗ್ ಕೈಯಲ್ಲಿ ಹಾಕಿದೆ, ಅಷ್ಟರಲ್ಲಿ ಯಾರೋ ಕರೆದರು. ಬಂದವನೇ ಪಾನಾ ಹಾಕಿ ಬಿಗಿ ಮಾಡುವುದನ್ನು ಮರೆತು ಹೊಸ ಆಯಿಲ್ ತುಂಬಿದೆ. ಬೆಳಿಗ್ಗೆ ನೋಡಿದರೆ 20 ಲೀಟರಿಗೂ ಹೆಚ್ಚು ಆಯಿಲ್ ನೆಲದ ಮೇಲಿತ್ತು. ಮಷಿನ್ ಚಾಲೂ ಮಾಡುವ ಮೊದಲೇ ಆಪರೇಟರ್ ನೋಡಿದ, ಇಲ್ಲದಿದ್ದರೆ ಇಂಜಿನ್ನೇ ಹೋಗುತ್ತಿತ್ತು. ಮೇಸ್ತ್ರಿ ಬೈಯಲಿಲ್ಲ. ಬಿಳಿ ಪೇಂಟ್ ಮಾರ್ಕರ್ ಒಂದು ಕೊಟ್ಟರು. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಯಿಂದ ಬಾಡಿ ಮೇಲಕ್ಕೆ ಒಂದೇ ಗೆರೆ. ಗೆರೆ ಇಲ್ಲ ಅಂದರೆ ಬಿಗಿ ಆಗಿಲ್ಲ, ಗೆರೆ ತಪ್ಪಿದೆ ಅಂದರೆ ಸಡಿಲ ಆಗಿದೆ. ಆವತ್ತಿನಿಂದ ಆ ಮಾರ್ಕರ್ ನನ್ನ ಜೇಬು ಬಿಟ್ಟಿಲ್ಲ.

ಕೆಲಸ ನಿಜವಾಗಿ ತಲೆಗೆ ಹತ್ತಿದ್ದು ಒಂದು 20 ಟನ್ ಹಿಟಾಚಿ ಬಂದಾಗ. ದೂರು ಇಷ್ಟು: ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ, ಒಂದು ಗಂಟೆ ಕಳೆದರೆ ಬೂಮ್ ಅನ್ನುವ ದೊಡ್ಡ ತೋಳು, ಬಕೆಟ್, ಮೇಲ್ಭಾಗ ತಿರುಗುವ ಸ್ವಿಂಗ್ ಎಲ್ಲ ನಿಧಾನ. ಮೊದಲು ನೋಡಿದವರು "ಮೇನ್ ಪಂಪ್ ಹೋಗಿದೆ" ಅಂದುಬಿಟ್ಟಿದ್ದರು. ಹೈಡ್ರಾಲಿಕ್ ಆಯಿಲನ್ನು ಒತ್ತಡದಲ್ಲಿ ತಳ್ಳಿ ಇದನ್ನೆಲ್ಲ ಆಡಿಸುವುದೇ ಆ ಪಂಪ್. ಪಂಪ್ ಅಂದರೆ ಲಕ್ಷಗಳ ಮಾತು. ಮಾಲೀಕರು ಒಂದೇ ಮಷಿನ್ ಇಟ್ಟುಕೊಂಡು ಕಂತು ಕಟ್ಟುತ್ತಿದ್ದವರು, ಮುಖ ಬಾಡಿಹೋಗಿತ್ತು. ನಾನು ಪಂಪ್ ಬಿಚ್ಚುವ ಉತ್ಸಾಹದಲ್ಲಿ ಸಾಮಾನು ಹೊಂದಿಸಿಟ್ಟಿದ್ದೆ.

"ಪಾನಾ ಕೆಳಗಿಡಪಾ. ಮೊದ್ಲು ಆಪರೇಟರ್‌ನ ಮಾತಾಡ್ಸು" ಅಂದರು ಮೇಸ್ತ್ರಿ.

ಆಪರೇಟರ್ ಅಣ್ಣ ಹೇಳಿದ ಒಂದು ಮಾತು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿಧಾನ ಆದಾಗ ಮಷಿನ್ ಬಂದ್ ಮಾಡಿ ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿಹೋಗುತ್ತಿತ್ತಂತೆ. ಮೇಸ್ತ್ರಿ ನನ್ನ ಕೈಗೆ ಮೊಬೈಲ್ ಕೊಟ್ಟು ಸ್ಟಾಪ್‌ವಾಚ್ ತೆಗೆಸಿದರು. ಬಕೆಟ್ ನೆಲದಿಂದ ಬೂಮ್ ಪೂರ್ತಿ ಮೇಲೇಳಲು 3.2 ಸೆಕೆಂಡ್. ಟೆಸ್ಟ್ ಪೋರ್ಟಿಗೆ ಗೇಜ್ ಹಾಕಿದೆವು, ರಿಲೀಫ್ ಪ್ರೆಶರ್, ಅಂದರೆ ಆಯಿಲ್ ಮುಟ್ಟುವ ಗರಿಷ್ಠ ಒತ್ತಡ, 350 ಬಾರ್ ಆಸುಪಾಸು, ಅಂದರೆ ಸರಿ ಇದೆ. ಒಂದೂವರೆ ಗಂಟೆ ಮಣ್ಣು ಅಗೆಸಿ ಮತ್ತೆ ಅಳೆದೆವು. ಪ್ರೆಶರ್ ಹೆಚ್ಚುಕಡಿಮೆ ಅಷ್ಟೇ, ಆದರೆ ಬೂಮ್ ಏಳಲು 4.6 ಸೆಕೆಂಡ್. ಮಾನಿಟರ್ ನೋಡಿದರೆ ಲೋಡ್ ಬಿದ್ದಾಗಲೆಲ್ಲ ಆರ್‌ಪಿಎಂ 1500ಕ್ಕಿಂತ ಕೆಳಗೆ ಕುಸಿಯುತ್ತಿತ್ತು.

ಇಂಜಿನ್ ದಮ್ಮು ಕಳೆದುಕೊಂಡರೆ ಅದು ಬಂದ್ ಬೀಳದಿರಲಿ ಅಂತ ಕಂಟ್ರೋಲರ್ ತಾನೇ ಪಂಪ್ ತಳ್ಳುವ ಆಯಿಲ್ ಕಡಿಮೆ ಮಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಪಂಪ್ ಸೋತ ಹಾಗೆ ಕಾಣುತ್ತದೆ. ಏರ್ ಫಿಲ್ಟರ್ ನೋಡಿದೆವು, ಸ್ವಚ್ಛ. ಡೀಸೆಲ್ ಫಿಲ್ಟರ್ ಹೊಸದೇ ಇತ್ತು. ಆಗ ಮೇಸ್ತ್ರಿ ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿಸಿ, ತೊಳೆದ ಬ್ಯಾರೆಲ್ಲಿಗೆ ಡೀಸೆಲ್ ತುಂಬಿಸಿ, ಡೀಸೆಲ್ ಎಳೆಯುವ ಸಕ್ಷನ್, ಉಳಿದದ್ದು ವಾಪಸ್ ಬರುವ ರಿಟರ್ನ್ ಎರಡೂ ಪೈಪ್ ಅದಕ್ಕೆ ಇಳಿಬಿಟ್ಟರು. ಗಾಳಿ ತೆಗೆದು ಚಾಲೂ ಮಾಡಿದೆವು. ಮಧ್ಯಾಹ್ನವೆಲ್ಲ ಓಡಿಸಿದರೂ 3.2 ಸೆಕೆಂಡ್ ಅಲುಗಲಿಲ್ಲ.

ಟ್ಯಾಂಕ್ ಖಾಲಿ ಮಾಡಿ ತಳ ನೋಡಿದೆವು. ಅಂಗೈ ಅಗಲದ ಒಂದು ಬಟ್ಟೆ ಚೂರು. ಯಾವಾಗಲೋ ಡೀಸೆಲ್ ಹಾಕುವಾಗ ಬಿದ್ದದ್ದು. ಇಂಜಿನ್ ಎಳೆಯುವಾಗ ಮೆಲ್ಲಗೆ ಹೋಗಿ ಪೈಪಿನ ಬಾಯಿಗೆ ಅಂಟುತ್ತಿತ್ತು, ಬಂದ್ ಮಾಡಿದರೆ ಕಳಚಿಕೊಂಡು ತಳ ಸೇರುತ್ತಿತ್ತು. ಮಾಲೀಕರು ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನೆ ನಿಂತಿದ್ದರು. ಅಳೆಯದೆ ಬಿಚ್ಚಿದ್ದರೆ ಅವರಿಗೆ ಹೊಸ ಪಂಪೂ ಹಾಕಿಸುತ್ತಿದ್ದೆವು, ಮಷಿನ್ನೂ ನಿಧಾನವೇ ಇರುತ್ತಿತ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಪ್ರೆಶರ್ ವಿಷಯದಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಕೈಯಿಂದ ತಡವಬೇಡಿ, ರಟ್ಟು ಹಿಡಿದು ನೋಡಿ. ಚುಚ್ಚಿದ ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ತಡ ಮಾಡಿದರೆ ಬೆರಳು ಉಳಿಯುವುದಿಲ್ಲ. ಇನ್ನೊಂದು, ಚೈನ್ ಬಿಗಿಯಾಗಿ ಹಿಡಿದಿರುವುದು ಗ್ರೀಸಿನ ಒತ್ತಡ, ಅದನ್ನು ಸಡಿಲ ಮಾಡುವಾಗ ಗ್ರೀಸ್ ವಾಲ್ವಿನ ನೇರಕ್ಕೆ ಮುಖ ಇಡಬೇಡಿ, ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಲೂ ಬೇಡಿ. ಒಳಗಿನ ಒತ್ತಡಕ್ಕೆ ವಾಲ್ವ್ ಗುಂಡಿನ ಹಾಗೆ ಹಾರುತ್ತದೆ. ಯಾವ ಹೈಡ್ರಾಲಿಕ್ ಪೈಪ್ ಬಿಚ್ಚುವ ಮೊದಲೂ ಬಕೆಟ್ ನೆಲಕ್ಕೆ, ಇಂಜಿನ್ ಬಂದ್, ಕೀ ಆನ್ ಇಟ್ಟು ಲಿವರ್‌ಗಳನ್ನು ನಾಲ್ಕೂ ಕಡೆ ಆಡಿಸಿ, ಹೈಡ್ರಾಲಿಕ್ ಟ್ಯಾಂಕಿನ ಬ್ರೀದರ್ ಒತ್ತಿ ಗಾಳಿ ಬಿಡಬೇಕು.

ಅಪ್ರೆಂಟಿಸ್ ವರ್ಷದ ಕೊನೆಯ ಪರೀಕ್ಷೆಗೆ ನನ್ನನ್ನು ಕಾಪಾಡಿದ್ದು ಡೈರಿ. ಮಾಡಿದ ಕೆಲಸ, ಅವರ್ ಮೀಟರ್ ರೀಡಿಂಗ್, ಸಿಕ್ಕ ಅಳತೆ ಎಲ್ಲ ದಿನಾ ಬರೆದು ಸಹಿ ಹಾಕಿಸುತ್ತಿದ್ದೆ. ಪ್ರ್ಯಾಕ್ಟಿಕಲ್‌ನಲ್ಲಿ ಆರು ಸಿಲಿಂಡರ್ ಇಂಜಿನ್ನಿನ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಹೊಂದಿಸಲು ಕೊಟ್ಟರು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-5-3-6-2-4. ಆರನೆಯದರ ಎರಡೂ ವಾಲ್ವ್ ಒಟ್ಟಿಗೆ ಅಲುಗುವ ಜಾಗದಲ್ಲಿ ಒಂದನೆಯದು ಕಂಪ್ರೆಷನ್‌ನಲ್ಲಿರುತ್ತದೆ, ಅಲ್ಲಿಂದ ಶುರು. ಸಂದು ಅಳೆಯುವ ತೆಳು ತಗಡು ಫೀಲರ್ ಗೇಜ್ ಎಳೆದಾಗ ಕಾಗದ ಎಳೆದ ಹಾಗೆ ಸ್ವಲ್ಪ ಬಿಗಿ ಸಿಗಬೇಕು. ಆ ಬಿಗಿ ಎಷ್ಟು ಅನ್ನುವುದು ಬೆರಳಿಗೆ ಗೊತ್ತಾಗಿತ್ತು, ಕೈ ನಡುಗಲಿಲ್ಲ. ಥಿಯರಿಯಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಷನ್‌ಗೆ ಮಾತ್ರ ರಾತ್ರಿ ಕೂತು ಓದಬೇಕಾಯಿತು. ಪಾಸಾದ ಮೇಲೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಬಂತು. ಎಲ್ಲರೂ ಅದನ್ನು ನ್ಯಾಕ್ ಅಂತಾರೆ. ಅದನ್ನು ತೋರಿಸಿಯೇ ಮುಂದಿನ ಕೆಲಸ ಸಿಕ್ಕಿತು.

ನಮ್ಮ ಮೇಸ್ತ್ರಿಗೆ 30 ವರ್ಷದ ಅನುಭವವಿತ್ತು, ಕಾಗದ ಒಂದೂ ಇರಲಿಲ್ಲ. ಇದು ನನಗೆ ಒಳಗೊಳಗೇ ಕೊರೆಯುತ್ತಿತ್ತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಅನುಭವಿಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತದೆ, ಅದಕ್ಕೆ ಆರ್‌ಪಿಎಲ್ ಅಂತ ಹೆಸರು. ಎರಡು ವರ್ಷ ಬೆನ್ನು ಹತ್ತಿ ಒಪ್ಪಿಸಿದೆ. ಪರೀಕ್ಷಿಸಲು ಬಂದ ಅಸೆಸರ್ ಹೈಡ್ರಾಲಿಕ್ ಸರ್ಕ್ಯೂಟ್ ಬಗ್ಗೆ ಕೇಳಿದಾಗ ಮೇಸ್ತ್ರಿ ಚಾಕ್‌ಪೀಸ್ ತಗೊಂಡು ಶೆಡ್ಡಿನ ನೆಲದ ಮೇಲೆ ಟ್ಯಾಂಕಿನಿಂದ ಸಿಲಿಂಡರ್‌ವರೆಗೆ ಇಡೀ ದಾರಿ ಬರೆದು ತೋರಿಸಿದರು. ಸರ್ಟಿಫಿಕೇಟ್ ಬಂದ ದಿನ ನನ್ನನ್ನು ಕರೆದು, ಇಂಗ್ಲಿಷಿನಲ್ಲಿ ಹೆಸರು ಸರಿಯಾಗಿ ಬಿದ್ದಿದೆಯಾ ಅಂತ ಎರಡು ಸಲ ಓದಿಸಿದರು.